ಏಳು ಕವಲಿನ ಸಾರಂಗ

ಅವಳನ್ನು ಎಲ್ಲರೂ ಅಚ್ಚಕ್ಕ ಎಂದೇ ಕರೆಯುತ್ತಿದ್ದರು. ಹಳೆಯ ಬಂದೂಕುಗಳ ಮೈಮೇಲೆ ಒತ್ತಿದ ಸಣ್ಣ ಸಣ್ಣ ಅಚ್ಚುಗಳನ್ನು ಓದಿ, ಇದು ಯಾವ ದೇಶದ್ದು, ಯಾವ ಊರಿನಲ್ಲಿ ತಯಾರಾದದ್ದು, ಹೆಚ್ಚುಕಡಿಮೆ ಯಾವ ಕಾಲದ್ದು ಎಂದು ಹೇಳುವುದು ಅವಳ ಕಸುಬು. ಪರವಾನಗಿ ಕಚೇರಿಯವರು, ವಸ್ತುಸಂಗ್ರಹಾಲಯದವರು, ಅಜ್ಜನ ಕಾಲದ ಬಂದೂಕನ್ನು ಅಟ್ಟದಿಂದ ಇಳಿಸಿ ಏನು ಮಾಡುವುದೆಂದು ತೋಚದವರು, ಎಲ್ಲರೂ ಅವಳ ಬಾಗಿಲಿಗೇ ಬರುತ್ತಿದ್ದರು. ಅವಳು ಬಿಳಿ ಹಾಳೆಯ ಮೇಲೆ ಎಂಟು ಹತ್ತು ಸಾಲು ಬರೆದು ಸಹಿ ಹಾಕಿದರೆ ಮುಗಿಯಿತು, ಅದರ ಮೇಲೆ ಇನ್ನೊಬ್ಬರು ಮಾತಾಡುತ್ತಿರಲಿಲ್ಲ. ಅರವತ್ತೆರಡು ವರ್ಷದ, ಕುಳ್ಳಗಿನ, ಮಾತು ಕಡಿಮೆಯ ಹೆಂಗಸು. ಜೀವಮಾನದಲ್ಲಿ ಒಂದು ಗುಂಡೂ ಹಾರಿಸಿದವಳಲ್ಲ. ಬೀದಿಯಲ್ಲಿ ಲಾರಿಯ ಟೈರು ಒಡೆದರೂ ಬೆಚ್ಚಿಬೀಳುತ್ತಿದ್ದಳು.

ಅವಳ ಅಪ್ಪ ಬಂದೂಕು ರಿಪೇರಿಯವನು. ಬೀದಿಗೆ ಮುಖ ಮಾಡಿದ ಉದ್ದನೆಯ ಒಂದು ಕೋಣೆ, ಕಿಟಕಿಯ ಕೆಳಗೆ ಎರಡು ಮೇಜು, ಹಿಂದೆ ಸಂಸಾರಕ್ಕೆ ಎರಡು ಕೋಣೆ. ತಾಯಿ ತೀರಿಕೊಂಡಾಗ ಅವಳಿಗೆ ಹದಿನಾಲ್ಕು, ತಮ್ಮನಿಗೆ ಐದು. ಅಲ್ಲಿಂದ ಮುಂದೆ ತಮ್ಮನ ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಶಾಲೆಯ ಮೇಷ್ಟ್ರ ಬೈಗುಳ ಕೇಳಿಸಿಕೊಂಡದ್ದು ಎಲ್ಲ ಅವಳೇ. ಮದುವೆಯ ಮಾತು ಬಂದಾಗಲೆಲ್ಲ ‘ಇವನೊಂದು ದಡ ಸೇರಲಿ’ ಎಂದಳು. ಅವನು ದಡ ಸೇರುವಷ್ಟರಲ್ಲಿ ಮಾತು ಬರುವುದು ನಿಂತಿತ್ತು.

ಅಪ್ಪ ಮಗನಿಗೆ ಕೈಕೆಲಸ ಕಲಿಸಿದ. ಅರ ಹಿಡಿಯುವುದು, ಉಳಿ ಹದಗೊಳಿಸುವುದು, ಉಕ್ಕಿನ ಮೇಲೆ ಎಲೆ ಬಳ್ಳಿ ಕೆತ್ತುವುದು. ಮಗಳಿಗೆ ಒಂದು ದಪ್ಪ ನೋಟುಪುಸ್ತಕ ಕೊಟ್ಟು, ‘ಬಿಚ್ಚಿದ ಬಂದೂಕಿನಲ್ಲಿ ಏನೇನು ಅಚ್ಚಿದೆಯೋ ಎಲ್ಲ ಬರೆದಿಡು’ ಎಂದ. ಯುರೋಪಿನ ದೇಶಗಳಲ್ಲಿ ನಳಿಗೆಯನ್ನು ಮಾರುವ ಮೊದಲು ಹೆಚ್ಚು ಮದ್ದು ತುಂಬಿ ಹಾರಿಸಿ ಪರೀಕ್ಷಿಸುತ್ತಿದ್ದರು. ಸೀಳದೆ ಉಳಿದ ನಳಿಗೆಗೆ ಅಲ್ಲಿಯ ಅಧಿಕೃತ ಅಚ್ಚು ಬೀಳುತ್ತಿತ್ತು. ಒಂದೊಂದು ದೇಶಕ್ಕೆ ಒಂದೊಂದು ಬಗೆ. ಮೊಟ್ಟೆಯಾಕಾರದ ಗೆರೆಯೊಳಗೆ ಮೂರು ಅಕ್ಷರವಿದ್ದರೆ ಬೆಲ್ಜಿಯಮ್ಮಿನ ಲಿಯೆಜ್ ಪಟ್ಟಣ. ಕಿರೀಟದ ಕೆಳಗೆ ‘ಯು’ ಇದ್ದರೆ ಜರ್ಮನಿಯದು, ಪಕ್ಕದಲ್ಲಿ ‘ಜಿ’ಯೂ ಇದ್ದರೆ ಒಳಗೆ ಸುರುಳಿಗೆರೆ ಕೊರೆದ ರೈಫಲ್ ನಳಿಗೆ. ಇವಲ್ಲದೆ ಬಂದೂಕು ಮಾಡಿದ ಮಾಸ್ತರನ, ಅಂದರೆ ಮುಖ್ಯ ಕಸುಬುದಾರನ, ಸ್ವಂತ ಗುರುತು, ನಳಿಗೆಯನ್ನು ಪರೀಕ್ಷಿಸಿದ ಅಧಿಕಾರಿಯ ಗುರುತು. ಹೊರಗಿನ ಕೆತ್ತನೆ ನೋಡಿ ಜನ ಮರುಳಾಗುತ್ತಾರೆ. ಜಾತಕ ಇರುವುದು ಮಾತ್ರ ಕೆಳಗೆ, ಮುಂದಿನ ಮರದ ಹಿಡಿಯನ್ನು ಬಿಚ್ಚಿದರೆ ಕಾಣುವ ನಳಿಗೆಯ ತಳದಲ್ಲಿ. ನಲವತ್ತೈದು ವರ್ಷದಲ್ಲಿ ಅಚ್ಚಕ್ಕ ಅಂಥ ಜಾತಕಗಳಿಂದ ಐದು ಪುಸ್ತಕ ತುಂಬಿಸಿದಳು.

ಅಪ್ಪ ಹೋದ ಮೇಲೆ ಅಕ್ಕ ತಮ್ಮ ಅದೇ ಕಿಟಕಿಯ ಕೆಳಗೆ ಅವೇ ಎರಡು ಮೇಜುಗಳಲ್ಲಿ ಕೂತರು. ತಮ್ಮ ಮದುವೆಯಾಗಿ ಎರಡು ಬೀದಿ ಆಚೆ ಮನೆ ಮಾಡಿದ, ಒಬ್ಬ ಮಗಳಾದಳು. ಆದರೂ ಬೆಳಗ್ಗೆ ಒಂಬತ್ತಕ್ಕೆ ಕೀಲಿ ತೆಗೆಯುತ್ತಿದ್ದವನು ಅವನೇ, ಅಕ್ಕನ ಲೋಟಕ್ಕೆ ಮೊದಲು ಚಹಾ ಬಗ್ಗಿಸುತ್ತಿದ್ದವನು ಅವನೇ. ಅವನ ಕೈ ಅಪ್ಪನ ಕೈಯನ್ನೂ ಮೀರಿಸಿದ್ದು. ಮುರಿದ ತಿರುಪನ್ನು ಅವನು ಹೊಸದಾಗಿ ಮಾಡಿ ಹಾಕಿದರೆ ಯಾವುದು ಹೊಸತು ಎಂದು ಹುಡುಕಬೇಕಾಗುತ್ತಿತ್ತು.

ಎರಡು ವರ್ಷದ ಹಿಂದೆ ಅಚ್ಚಕ್ಕನ ಕಣ್ಣಿಗೆ ಪೊರೆ ಬಂತು. ಅಕ್ಷರಗಳು ಹಾಲು ಚೆಲ್ಲಿದ ಹಾಗೆ ಕದಡತೊಡಗಿದವು. ಡಾಕ್ಟರು ಇಪ್ಪತ್ತು ನಿಮಿಷದ ಕೆಲಸ ಎಂದರು. ತಮ್ಮ ಒಪ್ಪಲಿಲ್ಲ. ‘ಅವಸರ ಯಾಕೆ ಅಕ್ಕ? ಪೊರೆ ಚೆನ್ನಾಗಿ ಬಲೀಲಿ. ನನ್ನ ಮಾವನಿಗೆ ಅವಸರದಲ್ಲಿ ಮಾಡಿಸಿ ಇದ್ದ ಕಣ್ಣೂ ಹೋಯ್ತು. ಅಲ್ಲೀವರೆಗೂ ನಾನಿದ್ದೀನಲ್ಲ, ನಾನು ನೋಡಿ ಹೇಳ್ತೀನಿ, ನೀನು ಬರಿ.’ ಅವಳಿಗೆ ಕಣ್ಣೊಳಗೆ ಕತ್ತರಿ ಹೋಗುವುದನ್ನು ನೆನೆದರೇ ಭಯವಾಗುತ್ತಿತ್ತು. ತಮ್ಮನ ಮಾತು ಹಿತವಾಗಿತ್ತು. ಅಂದಿನಿಂದ ಅವನು ಭೂತಗನ್ನಡಿ ಹಿಡಿದು ಓದುತ್ತಿದ್ದ, ಅವಳು ಕೇಳಿ ಬರೆಯುತ್ತಿದ್ದಳು. ‘ಕಿರೀಟ ಇದೆ ಅಕ್ಕ. ಅದರ ಕೆಳಗೆ ಯು. ಪಕ್ಕದಲ್ಲಿ ಇನ್ನೊಂದು ಕಿರೀಟ, ಜಿ.’ ‘ಅಂಚು ಹೇಗಿದೆ?’ ‘ಸವೆದಿದೆ.’ ಹೀಗೆ.

ಒಂದು ದಿನ ಬೆಳಗ್ಗೆ ತಮ್ಮನ ಮಗಳು ಬಾಗಿಲಲ್ಲಿ ನಿಂತು, ‘ಅತ್ತೆ, ಅಪ್ಪ ಇವತ್ತು ಬರಲ್ಲ. ದವಡೆಹಲ್ಲು ಕೀಳಿಸಿದಾರೆ, ಮುಖ ಊದಿಕೊಂಡಿದೆ’ ಎಂದು ಹೇಳಿ ತನ್ನ ಕೆಲಸಕ್ಕೆ ಹೋದಳು. ಬೀದಿಯ ಮೂಲೆಯ ಜೆರಾಕ್ಸ್ ಅಂಗಡಿಯಲ್ಲಿ ಅವಳಿಗೆ ಕೆಲಸ. ಹನ್ನೊಂದರ ಹೊತ್ತಿಗೆ ವಸ್ತುಸಂಗ್ರಹಾಲಯದ ಮೇಲ್ವಿಚಾರಕರು ತಾವೇ ಒಂದು ಉದ್ದನೆಯ ಚರ್ಮದ ಪೆಟ್ಟಿಗೆ ಹೊತ್ತು ಬಂದರು. ಅಚ್ಚುಕಟ್ಟಿನ ಮನುಷ್ಯ, ಕುರ್ಚಿಯನ್ನು ಕೂಡ ಒರೆಸಿ ಕೂರುವವರು.

‘ಸಾಮಾನ್ಯವಾಗಿ ವ್ಯಾಪಾರಿಗಳೇ ನಿಮ್ಮ ಪತ್ರ ಮಾಡಿಸಿಕೊಂಡು ಬರ್ತಾರೆ. ಈ ಸಲ ಪತ್ರ ಬರೋಕೆ ತಡ ಆಗುತ್ತೆ ಅಂದರು. ನಮ್ಮ ಸಮಿತಿ ಸಭೆ ನಾಡಿದ್ದು. ಅದಕ್ಕೇ ನಾನೇ ತಂದೆ’ ಎಂದರು. ‘ಸಾರಂಗದ ಮಾಸ್ತರನದು ಅಂತ ಹೇಳ್ತಿದಾರೆ. ನಿಜವಾದರೆ ನಮಗೆ ದೊಡ್ಡ ಮಾತು.’

ಅಚ್ಚಕ್ಕ ಕೂತಲ್ಲೇ ಪೆಟ್ಟಿಗೆಯ ಕಡೆ ಬಾಗಿದಳು. ಸಾರಂಗದ ಮಾಸ್ತರ ಎಂದರೆ ಕಾಡಿನ ಅಂಚಿನ ಒಂದು ಜರ್ಮನ್ ಹಳ್ಳಿಯಲ್ಲಿದ್ದವನು. ಆಯುಸ್ಸೆಲ್ಲ ಕೂತು ಮಾಡಿದ್ದು ಮೂವತ್ತೋ ನಲವತ್ತೋ ಬೇಟೆ ಬಂದೂಕು. ತಾನು ಮಾಡಿದ್ದಕ್ಕೆ ಹೆಸರು ಹಾಕುತ್ತಿರಲಿಲ್ಲ, ಸಣ್ಣ ವೃತ್ತದೊಳಗೆ ಒಂದು ಸಾರಂಗದ ತಲೆ ಒತ್ತುತ್ತಿದ್ದ. ಅವಳು ಜೀವಮಾನದಲ್ಲಿ ಅದನ್ನು ಕಂಡದ್ದು ಎರಡೇ ಸಲ. ‘ಸಂಜೆಯ ತನಕ ಇಲ್ಲೇ ಇರಲಿ’ ಎಂದಳು. ಅವರು ಒಪ್ಪಿ ಹೋದರು.

ಕಿಟಕಿಯ ಬೆಳಕಿಗೆ ಎಳೆದು ಬಂದೂಕನ್ನು ಬಿಚ್ಚಿದಳು. ಕಣ್ಣು ಅರ್ಧ ಕೆಲಸ ಮಾಡಿದರೆ ಉಳಿದರ್ಧ ಬೆರಳು ಮಾಡಿತು. ಎರಡು ನಳಿಗೆ, ಅಕ್ಕಪಕ್ಕ. ಆಕ್ರೋಡು ಮರದ ಹಿಡಿ, ಕೆನ್ನೆ ತಾಗುವ ಕಡೆ ನುಣುಪು. ಎಲ್ಲ ಸರಿಯಿತ್ತು. ನಳಿಗೆಯ ತಳಕ್ಕೆ ಉಗುರು ಓಡಿಸಿದಾಗ ಒಂದು ಕಡೆ ಉಗುರು ತಡೆಯಿತು. ಅಚ್ಚಿನ ಅಂಚು ಚೂಪಾಗಿತ್ತು. ನೂರು ವರ್ಷ ಕಟ್ಟಿಗೆಯ ಕೆಳಗೆ ಅಡಗಿದ್ದ ಅಚ್ಚು ಚೂಪಾಗಿ ಉಳಿದರೂ ಉಳಿದೀತು, ಅದೇನೂ ದೊಡ್ಡದಲ್ಲ. ಆದರೆ ಪಕ್ಕದಲ್ಲಿ ಉಕ್ಕು ಕೂದಲೆಳೆಯಷ್ಟು ತಗ್ಗಾಗಿತ್ತು. ಅಲ್ಲಿ ಏನೋ ಇದ್ದು, ಯಾರೋ ಅರ ಹಾಕಿ ತೆಗೆದ ಹಾಗೆ. ಆ ತಗ್ಗಿನ ಆಕಾರ ಬೆರಳ ತುದಿಗೆ ಮೊಟ್ಟೆಯ ಹಾಗೆ ಸಿಕ್ಕಿತು.

ಅವಳು ಮೋಂಬತ್ತಿ ಹಚ್ಚಿ ಅದರ ಕಾಡಿಗೆಯನ್ನು ಅಚ್ಚುಗಳ ಮೇಲೆ ತೆಳುವಾಗಿ ಹಿಡಿಸಿದಳು. ಮೇಲೆ ಅಂಟುಪಟ್ಟಿ ಒತ್ತಿ, ಎತ್ತಿ, ಬಿಳಿಯ ರಟ್ಟಿಗೆ ಅಂಟಿಸಿದಳು. ಉಕ್ಕಿನ ಮೇಲಿದ್ದದ್ದೆಲ್ಲ ರಟ್ಟಿನ ಮೇಲೆ ಕಪ್ಪು ಬಿಳುಪಾಗಿ ಬಂತು, ಅವಳ ಕಣ್ಣಿಗೆ ಮಾತ್ರ ಅದು ಇರುವೆ ಸಾಲು. ಕೊನೆಗೆ ನಳಿಗೆಯನ್ನು ಬಂದೂಕಿನ ಮೈಗೆ ಕಚ್ಚಿಸುವ ಕೊಕ್ಕೆಯ ಹಿಂಬದಿಯಿಂದಲೂ ಒಂದು ಪಟ್ಟಿ ಎತ್ತಿದಳು. ಅಲ್ಲಿ ಯಾರೂ ನೋಡುವುದಿಲ್ಲ, ಅಲ್ಲಿಂದ ಪಟ್ಟಿ ಎತ್ತುವುದೂ ಕಷ್ಟ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ತಮ್ಮನ ಮಗಳು ಬಂದಳು. ‘ಇದನ್ನು ದೊಡ್ಡದು ಮಾಡಿ ತಂದುಕೊಡು. ಎಷ್ಟು ದೊಡ್ಡದಾಗುತ್ತೋ ಅಷ್ಟು’ ಎಂದಳು ಅಚ್ಚಕ್ಕ. ಕಾಲು ಗಂಟೆಯಲ್ಲಿ ಹುಡುಗಿ ಊಟದ ತಟ್ಟೆಯಷ್ಟಗಲದ ಸಾರಂಗದ ತಲೆ ಹಿಡಿದುಕೊಂಡು ನಗುತ್ತ ಬಂದಳು.

‘ಅತ್ತೆ, ಎಷ್ಟು ಚೆಂದ ಇದೆ. ಮೂಗಿನ ಹೊಳ್ಳೆ ಕೂಡ ಕಾಣುತ್ತೆ.’

‘ಕೊಂಬಿನ ಕವಲು ಎಣಿಸು. ಬಲಗಡೆ ಎಷ್ಟು?’

‘ನಾಲ್ಕು.’

‘ಎಡಗಡೆ?’

‘ಮೂರು.’

‘ಇನ್ನೊಂದು ಸಲ.’

‘ಒಂದು, ಎರಡು, ಮೂರು. ಮೂರೇ ಅತ್ತೆ. ಒಟ್ಟು ಏಳು. ಯಾಕೆ?’

ಅಚ್ಚಕ್ಕ ಕಪಾಟಿನಿಂದ ಎರಡನೆಯ ಪುಸ್ತಕ ತರಿಸಿ ಸಾರಂಗದ ಪುಟ ತೆಗೆಸಿದಳು. ಅವಳು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಿಡಿಸಿದ ಸಾರಂಗ ಅಲ್ಲಿತ್ತು: ಬಲಕ್ಕೆ ನಾಲ್ಕು ಕವಲು, ಎಡಕ್ಕೆ ಮೂರು. ಅವಳಿಗೆ ಅಂದು ಸಿಕ್ಕಿದ್ದ ಬಂದೂಕಿನಲ್ಲಿ ತುಕ್ಕು ಎಡ ಕೊಂಬಿನ ತುದಿಯನ್ನು ತಿಂದುಹಾಕಿತ್ತು. ಇದ್ದದ್ದನ್ನು ಇದ್ದ ಹಾಗೆ ಬಿಡಿಸಿದ್ದಳು. ಹನ್ನೊಂದು ವರ್ಷದ ಮೇಲೆ ಚೊಕ್ಕವಾದ ಇನ್ನೊಂದು ಸಿಕ್ಕಿದಾಗ ಗೊತ್ತಾಯಿತು, ಮಾಸ್ತರನ ಸಾರಂಗಕ್ಕೆ ಎರಡು ಕಡೆಯೂ ನಾಲ್ಕು ನಾಲ್ಕು. ಪುಸ್ತಕದಲ್ಲಿ ತಿದ್ದಬೇಕಾಗಿತ್ತು. ಆದರೆ ಆ ಚಿತ್ರದ ಪಕ್ಕದಲ್ಲಿ ಅಪ್ಪ ತನ್ನ ಕೈಯಾರೆ ‘ಸರಿಯಾಗಿದೆ’ ಎಂದು ಬರೆದಿದ್ದ. ಐದು ಪುಸ್ತಕದಲ್ಲಿ ಅಪ್ಪ ಬರೆದದ್ದು ಅದೊಂದೇ ಮಾತು. ಅದರ ಮೇಲೆ ಗೆರೆ ಎಳೆಯಲು ಮನಸ್ಸಾಗದೆ ಹಾಗೇ ಬಿಟ್ಟಿದ್ದಳು. ಸರಿಯಾದದ್ದು ತಲೆಯಲ್ಲಿದೆಯಲ್ಲ, ಸಾಕು ಎಂದುಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ.

ಏಳು ಕವಲಿನ ಸಾರಂಗ ಈ ಲೋಕದಲ್ಲಿ ಇದ್ದದ್ದು ಆ ಪುಟದಲ್ಲಿ ಮಾತ್ರ. ಆ ಪುಸ್ತಕ ಮನೆಯಿಂದ ಹೊರಗೆ ಹೋದದ್ದು ಒಂದೇ ಸಲ, ಮೂರು ವರ್ಷದ ಹಿಂದೆ. ‘ಹೊಲಿಗೆ ಬಿಟ್ಟಿದೆ ಅಕ್ಕ, ಬೈಂಡ್ ಮಾಡಿಸಿಕೊಂಡು ಬರ್ತೀನಿ’ ಎಂದು ತಮ್ಮ ಒಯ್ದು ಒಂದು ತಿಂಗಳು ಇಟ್ಟುಕೊಂಡಿದ್ದ.

‘ಎಣಿಸಿದ್ದು ತಪ್ಪಾಯ್ತಾ ಅತ್ತೆ?’ ಎಂದಳು ಹುಡುಗಿ.

‘ಇಲ್ಲ, ಸರಿಯಾಗೇ ಎಣಿಸಿದೆ. ನೀನು ಹೋಗು, ಹೊತ್ತಾಯ್ತು.’

ಕೊಕ್ಕೆಯ ಹಿಂಬದಿಯ ಪಟ್ಟಿಯನ್ನೂ ಹುಡುಗಿ ದೊಡ್ಡದು ಮಾಡಿಸಿ ತಂದಿದ್ದಳು. ಒಬ್ಬಳೇ ಆದ ಮೇಲೆ ಅಚ್ಚಕ್ಕ ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಳು. ಒಂದು ಅಕ್ಷರ, ಅದರ ತಲೆಯ ಮೇಲೆ ನಕ್ಷತ್ರ. ಲಿಯೆಜ್ ಪಟ್ಟಣದ ಪರೀಕ್ಷಕನ ಗುರುತು. ಅಂದರೆ ಇದು ಬೆಲ್ಜಿಯಮ್ಮಿನ ಒಳ್ಳೆಯ, ಸಾಧಾರಣ ಬೇಟೆ ಬಂದೂಕು; ಯಾವ ನಾಚಿಕೆಯೂ ಇಲ್ಲದೆ ತನ್ನ ನಿಜವಾದ ಹೆಸರಿನಲ್ಲೇ ಬದುಕಬಹುದಿತ್ತು. ಅದರ ಮೊಟ್ಟೆಯಚ್ಚನ್ನು ಅರ ಹಾಕಿ ತೆಗೆದು ಜರ್ಮನಿಯ ಕಿರೀಟ ಒತ್ತಿದ್ದರು. ನಳಿಗೆಯ ಅಳತೆಯ ಅಂಕಿಯಲ್ಲಿ ದಶಾಂಶಕ್ಕೆ ಚುಕ್ಕೆಯ ಬದಲು ಜರ್ಮನರ ಹಾಗೆ ಅಲ್ಪವಿರಾಮವನ್ನೇ ಹಾಕಿದ್ದರು. ಅದನ್ನು ತಮ್ಮನಿಗೆ ಹೇಳಿಕೊಟ್ಟವಳು ಅವಳೇ.

ಸಂಜೆ ಮೇಲ್ವಿಚಾರಕರಿಗೆ ‘ಇನ್ನೊಂದು ದಿನ ಬೇಕು’ ಎಂದು ಹೇಳಿ ಕಳಿಸಿದಳು.

ಮರುದಿನ ತಮ್ಮ ಬಂದ. ಒಂದು ಕೆನ್ನೆ ಊದಿತ್ತು. ಅವನ ಮೇಜಿನ ಮೇಲೆ ತಟ್ಟೆಯಗಲದ ಸಾರಂಗವಿತ್ತು, ಗಾಳಿಗೆ ಹಾರದಿರಲೆಂದು ಅದರ ಮೇಲೆ ಅವನದೇ ಸುತ್ತಿಗೆ. ಅವನು ಅದನ್ನು ನೋಡಿದ, ನಿಧಾನವಾಗಿ ಕೂತ.

‘ಯಾರು ತಂದಿದ್ದು?’

‘ಸಂಗ್ರಹಾಲಯದವರು. ನೀನು ಇರಲಿಲ್ಲ.’

‘ನಾನು ಬರೋವರೆಗೂ ಕಾಯಬೇಕಿತ್ತು.’

‘ಯಾಕೆ, ಓದಿ ಹೇಳೋದಕ್ಕಾ?’

ಅವನು ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಬೇರೆಯವರ ಕೆಲಸವನ್ನು ನೋಡುವಂತೆ ನೋಡಿ, ‘ಎಲ್ಲಿ ತಪ್ಪಿದೆ ಹೇಳು ನೋಡೋಣ. ನಿನ್ನ ಪುಸ್ತಕದಲ್ಲಿರೋ ಹಾಗೇ ಇದೆ. ಎಣಿಸಿ ಎಣಿಸಿ ಅಚ್ಚು ಒತ್ತೋ ಉಳಿ ಮಾಡಿದ್ದೀನಿ’ ಎಂದ.

‘ಪುಸ್ತಕವೇ ತಪ್ಪು. ಎಂಟಿರಬೇಕು.’

‘ಅಪ್ಪ ಸರಿಯಾಗಿದೆ ಅಂತ ಬರೆದಿದಾರೆ.’

‘ಅಪ್ಪನಿಗೂ ಗೊತ್ತಿರಲಿಲ್ಲ.’

ತಮ್ಮನ ಮುಖ ಕೆಂಪಾಯಿತು. ‘ಅಂದರೆ ಗೊತ್ತಿದ್ದೂ ಇಷ್ಟು ವರ್ಷ ನನಗೆ ಹೇಳಲಿಲ್ಲ ನೀನು.’

ಅವಳು ಏನನ್ನೆಲ್ಲ ಎದುರುನೋಡಿದ್ದಳೋ, ಇದನ್ನು ಮಾತ್ರ ಎದುರುನೋಡಿರಲಿಲ್ಲ. ಅಳುತ್ತಾನೆ, ಕಾಲು ಹಿಡಿಯುತ್ತಾನೆ, ಮಗಳ ಮದುವೆ ಎನ್ನುತ್ತಾನೆ, ಯಾರೋ ತಲೆ ಕೆಡಿಸಿದರು ಎನ್ನುತ್ತಾನೆ ಎಂದು ಹಿಂದಿನ ದಿನವೆಲ್ಲ ಅವನ ಪರವಾಗಿ ತಾನೇ ನೆಪಗಳನ್ನು ಜೋಡಿಸಿಟ್ಟುಕೊಂಡಿದ್ದಳು. ಅವನು ಒಂದನ್ನೂ ಎತ್ತಿಕೊಳ್ಳಲಿಲ್ಲ. ಮೋಸಹೋದವನು ತಾನು ಎಂಬಂತೆ ಅವಳನ್ನು ನೋಡುತ್ತಿದ್ದ.

‘ಬಾಗಿಲಿಗೆ ಬಂದೋರೆಲ್ಲ ಅಚ್ಚಕ್ಕ ಇದಾರಾ ಅಂತಾರೆ’ ಎಂದ. ‘ಮೂವತ್ತೈದು ವರ್ಷ ಆಯ್ತು, ಒಬ್ಬನೂ ನನ್ನ ಕೇಳಿಕೊಂಡು ಬಂದಿಲ್ಲ. ಸ್ಪ್ರಿಂಗ್ ಹಾಕು, ತುಕ್ಕು ತೆಗಿ. ನಾನು ಮಾಡಿದ್ದನ್ನ ಯಾರಾದರೂ ಗಾಜಿನ ಒಳಗಿಟ್ಟು ನೋಡಿದಾರಾ? ಈಗ ನೋಡ್ತಿದಾರೆ. ಎರಡಿದೆ ಅಲ್ಲಿ. ಶಾಲೆ ಮಕ್ಕಳನ್ನ ಸಾಲಾಗಿ ನಿಲ್ಲಿಸಿ ತೋರಿಸ್ತಾರೆ.’

‘ಎರಡು’ ಎಂದಳು ಅಚ್ಚಕ್ಕ.

ಅವನು ತುಟಿ ಕಚ್ಚಿಕೊಂಡ, ಆದರೆ ಮಾತು ಹೊರಬಿದ್ದಾಗಿತ್ತು. ಹೋದ ವರ್ಷದ್ದು ಒಂದು, ಅದಕ್ಕೆ ಹಿಂದಿನದು ಒಂದು. ಎರಡೂ ಬೇರೆ ಬೇರೆ ಮಾಸ್ತರರ ಹೆಸರಿನವು. ಎರಡಕ್ಕೂ ಪತ್ರ ಬರೆದವಳು ಅವಳು. ‘ಕಿರೀಟ ಇದೆ ಅಕ್ಕ, ಕೆಳಗೆ ಯು’ ಎಂದು ಅವನು ಓದಿದ್ದ, ತಾನೇ ಒತ್ತಿದ ಅಚ್ಚನ್ನು ತಾನೇ. ‘ಅಂಚು ಹೇಗಿದೆ’ ಎಂದು ಅವಳು ಕೇಳಿದ್ದಳು. ಅಂದು ಅವನು ಭೂತಗನ್ನಡಿಯನ್ನು ಅಂಗಿಗೆ ಒರೆಸಿಕೊಂಡು, ಮತ್ತೆ ಬಗ್ಗಿ ನೋಡಿ, ಯೋಚಿಸಿ, ‘ಸವೆದಿದೆ’ ಎಂದಿದ್ದು ಅವಳಿಗೆ ನೆನಪಾಯಿತು. ಆ ಯೋಚಿಸಿದ್ದು ಅವಳಿಗೆ ಬಹಳ ನೋವು ಕೊಟ್ಟಿತು.

‘ನನ್ನ ಕಣ್ಣಿನ ಆಪರೇಷನ್ ಬೇಡ ಅಂದೆಯಲ್ಲ’ ಎಂದಳು.

ಅವನು ಮೇಜಿಗೆ ಕಚ್ಚಿಸಿದ್ದ ಇಕ್ಕಳವನ್ನು ಒಮ್ಮೆ ಬಿಗಿ ಮಾಡಿದ, ಒಮ್ಮೆ ಸಡಿಲ ಮಾಡಿದ. ಮತ್ತೆ ಎದ್ದು ಮನೆಗೆ ಹೋದ.

ಅವಳು ಮೂರು ಪತ್ರ ಬರೆದಳು. ಗೆರೆ ಸೊಟ್ಟಗಾಗದಿರಲೆಂದು ಹಾಳೆಯ ಕೆಳಗೆ ಅಳತೆಪಟ್ಟಿ ಹಿಡಿದು ಬರೆದಳು. ಮೊದಲನೆಯದು ಹೊಸ ಬಂದೂಕಿನದು: ಲಿಯೆಜ್ ಪಟ್ಟಣದ್ದು, ಜರ್ಮನ್ ಅಚ್ಚುಗಳು ಈಚೆಗೆ ಒತ್ತಿದವು, ಸಾರಂಗದ ಗುರುತನ್ನು ನನ್ನ ಪುಸ್ತಕದ ತಪ್ಪು ಚಿತ್ರದಿಂದ ನಕಲು ಮಾಡಿದ್ದು. ಉಳಿದೆರಡು, ತಾನು ಹಿಂದೆ ಕೊಟ್ಟ ಪತ್ರಗಳನ್ನು ವಾಪಸು ಪಡೆಯುವುದಕ್ಕೆ. ಬಸ್ಸು ಹತ್ತಿ ತಾನೇ ಒಯ್ದಳು. ಮೇಲ್ವಿಚಾರಕರು ಮೂರನ್ನೂ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಈ ಪುಸ್ತಕ ಯಾರ ಯಾರ ಕೈಗೆ ಸಿಗುತ್ತೆ?’

‘ನನ್ನ ಮನೆಯವರ ಕೈಗೆ.’

‘ನಿಮ್ಮ ಮನೆಯಲ್ಲಿ ಯಾರಿದಾರೆ?’

‘ಒಬ್ಬಳೇ ಇರೋದು’ ಎಂದಳು. ಆಮೇಲೆ, ‘ಕೀಲಿ ಇಬ್ಬರ ಹತ್ತಿರ ಇದೆ’ ಎಂದಳು.

ಅವರು ಮುಂದೆ ಕೇಳಲಿಲ್ಲ. ಆದರೆ ಕಚೇರಿಯ ಕೆಲಸ ಅಷ್ಟಕ್ಕೆ ನಿಲ್ಲುವುದಿಲ್ಲ. ವಿಚಾರಣೆ ಆಯಿತು, ಮೂರೂ ಬೆಲ್ಜಿಯಮ್ಮಿನವೇ ಎಂದು ಹೊರಬಿತ್ತು, ಅವನ್ನು ಮಾರಲು ತಂದಿದ್ದ ವ್ಯಾಪಾರಿ ಎಲ್ಲವನ್ನೂ ತಮ್ಮನ ತಲೆಗೆ ಕಟ್ಟಿದ, ತಮ್ಮನ ರಿಪೇರಿಯ ಪರವಾನಗಿ ರದ್ದಾಯಿತು. ಅವನು ಒಂದು ಭಾನುವಾರ ಕೈಗಾಡಿ ತಂದು ತನ್ನ ಮೇಜನ್ನೂ ಉಳಿ ಅರಗಳನ್ನೂ ತುಂಬಿಸಿದ. ಅಪ್ಪನ ಸುತ್ತಿಗೆಗಳಲ್ಲಿ ತನ್ನ ಪಾಲಿನದನ್ನು ಮಾತ್ರ ಆರಿಸಿಕೊಂಡ, ಒಂದನ್ನೂ ಹೆಚ್ಚಿಗೆ ಮುಟ್ಟಲಿಲ್ಲ. ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತು, ‘ಸಾಕಿದವರು ನೀವೇ, ಬೀದಿಗೆ ಹಾಕಿದವರೂ ನೀವೇ’ ಎಂದಳು. ತಮ್ಮ ‘ಬಾ ಸಾಕು’ ಎಂದು ಕರೆದುಕೊಂಡು ಹೋದ. ಅಕ್ಕನ ಕಡೆ ತಿರುಗಿ ನೋಡಲಿಲ್ಲ.

ಅಚ್ಚಕ್ಕನಿಗೂ ಏನೂ ಉಳಿಯಲಿಲ್ಲ. ಪರವಾನಗಿ ಕಚೇರಿಯವರು ಬಂದೂಕು ಕಳಿಸುವುದನ್ನು ನಿಲ್ಲಿಸಿದರು. ಎರಡು ವರ್ಷ ಬೇರೆಯವರ ಬಾಯಿ ಕೇಳಿ ಬರೆದವಳ ಸಹಿಗೆ ಏನು ಬೆಲೆ ಎಂದು ಯಾರೋ ಅಂದರಂತೆ. ಅಕ್ಕನಿಗೆ ಗೊತ್ತಿಲ್ಲದೆ ನಡೆದೀತೇ ಎಂದು ಇನ್ನು ಕೆಲವರು ಮೂಗಿನ ಮೇಲೆ ಬೆರಳಿಟ್ಟರು. ಮೊದಲನೆಯ ಮಾತನ್ನು ಅವಳು ಒಪ್ಪಿಕೊಂಡಳು. ಆ ಎರಡು ವರ್ಷಗಳಲ್ಲಿ ಕೊಟ್ಟ ಪತ್ರಗಳ ನಕಲುಗಳನ್ನು ತೆಗೆದು, ಒಬ್ಬೊಬ್ಬರಿಗೂ ‘ದಯವಿಟ್ಟು ಇನ್ನೊಂದು ಸಲ ತಂದು ತೋರಿಸಿ’ ಎಂದು ಬರೆಸಿದಳು. ಬರೆದುಕೊಟ್ಟವಳು ತಮ್ಮನ ಮಗಳು. ಅವಳು ಬರುವುದನ್ನು ನಿಲ್ಲಿಸಿರಲಿಲ್ಲ. ಮನೆಯಲ್ಲಿ ಏನು ಹೇಳಿ ಬರುತ್ತಿದ್ದಳೋ ಅಚ್ಚಕ್ಕ ಕೇಳಲಿಲ್ಲ. ಒಮ್ಮೆ ಮಾತ್ರ ಹುಡುಗಿ ಬರೆಯುವುದನ್ನು ನಿಲ್ಲಿಸಿ, ‘ನಾನು ಅವತ್ತು ಎಂಟು ಅಂದಿದ್ರೆ?’ ಎಂದಳು.

‘ನಾನು ಎಂಟು ಅಂತ ಬರೀತಿದ್ದೆ’ ಎಂದಳು ಅಚ್ಚಕ್ಕ.

ಕಣ್ಣಿನ ಆಪರೇಷನ್ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ತಿಂಗಳ ನಂತರ ಮೇಲ್ವಿಚಾರಕರು ಹೇಳಿ ಕಳಿಸಿದರು: ಮೂರು ಬಂದೂಕುಗಳನ್ನೂ ಬೇರೆ ಒಂದು ಗಾಜಿನ ಕಪಾಟಿನಲ್ಲಿಟ್ಟು, ನಕಲಿ ಹೇಗಿರುತ್ತದೆ ಎಂದು ಜನರಿಗೆ ತೋರಿಸುವ ಯೋಚನೆಯಿದೆ, ಚೀಟಿಯ ಒಕ್ಕಣೆ ನೀವೇ ಬರೆದುಕೊಡಿ. ಅವಳು ಹೋಗಿ ಹಗಲೆಲ್ಲ ಕೂತು ಮೂರನ್ನೂ ನೋಡಿದಳು. ತಮ್ಮನ ಈ ಕೆಲಸವನ್ನು ಅವಳು ಸ್ವಂತ ಕಣ್ಣಿನಿಂದ ನೋಡುತ್ತಿದ್ದದ್ದು ಅದೇ ಮೊದಲು. ಮೊದಲೆರಡರಲ್ಲಿ ಅವಳಿಗೆ ಒಂದು ಕುಂದೂ ಸಿಗಲಿಲ್ಲ. ಬಿಚ್ಚಿ ಬಿಚ್ಚಿ, ತಿರುಗಿಸಿ ತಿರುಗಿಸಿ ಹುಡುಕಿದಳು. ಅವನ ಬಾಯಿಂದಲೇ ಬರದಿದ್ದರೆ, ಒಳ್ಳೆಯ ಕಣ್ಣಿದ್ದರೂ ಸಹಿ ಹಾಕುತ್ತಿದ್ದೆ ಎನಿಸಿತು. ಹಾಗಾದರೆ ಕಣ್ಣನ್ನು ಕೆಡಿಸಿಡುವ ಅಗತ್ಯವೇನಿತ್ತು ಅವನಿಗೆ? ಅಷ್ಟು ನಂಬಿಕೆಯೂ ತನ್ನ ಕೈಯ ಮೇಲೆ ಇರಲಿಲ್ಲವೇ? ಇಷ್ಟೊಂದು ಕೈ ಇಟ್ಟುಕೊಂಡು ಇವನು ಒಂದೇ ಒಂದು ಬಂದೂಕನ್ನು ತನ್ನದೆಂದು ಮಾಡಿದ್ದರೆ, ಬಂದವರಿಗೆಲ್ಲ ತಾನೇ ಎತ್ತಿ ತೋರಿಸುತ್ತಿದ್ದಳು.

ಚೀಟಿಯಲ್ಲಿ ಬರೆದಳು: ‘ಬೆಲ್ಜಿಯಮ್ಮಿನ ಬೇಟೆ ಬಂದೂಕುಗಳು. ಅಚ್ಚುಗಳನ್ನು ಇದೇ ಊರಿನ ಒಬ್ಬ ಕಸುಬುದಾರ ಈಚೆಗೆ ಒತ್ತಿದ್ದಾನೆ. ಕೆಲಸ ಬಹಳ ಅಚ್ಚುಕಟ್ಟು.’ ಕೊನೆಯ ವಾಕ್ಯವನ್ನು ಎರಡು ಸಲ ಹೊಡೆದುಹಾಕಿ ಮೂರನೆಯ ಸಲ ಉಳಿಸಿದಳು. ಮೇಲ್ವಿಚಾರಕರು ಅದನ್ನು ಹಾಗೇ ಅಚ್ಚು ಹಾಕಿಸಿದರು.

ಕೆಲವು ದಿನ ಬಿಟ್ಟು ತಮ್ಮನ ಮಗಳು ಬಂದಳು. ಚೀಲ ಇಳಿಸಿ, ನೀರು ಕುಡಿದು, ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ‘ಅಪ್ಪ ನಿನ್ನೆ ಸಂಗ್ರಹಾಲಯಕ್ಕೆ ಹೋಗಿದ್ರು. ನನ್ನೂ ಕರೆದುಕೊಂಡು ಹೋದರು’ ಎಂದಳು.

‘ಚೀಟಿ ಓದಿದನಾ?’

‘ಓದಿದರು. ಎರಡು ಮೂರು ಸಲ.’

‘ಏನಂದ?’

ಹುಡುಗಿ ಲೋಟವನ್ನು ಕೆಳಗಿಟ್ಟಳು. ‘ಇಷ್ಟೆಲ್ಲ ಬರೆದು ನನ್ನ ಹೆಸರು ಮಾತ್ರ ಹಾಕಿಲ್ಲವಲ್ಲ ಅಂದರು.’

ಅಚ್ಚಕ್ಕ ನಕ್ಕುಬಿಟ್ಟಳು. ಆ ನಗು ಹುಡುಗಿ ಬೀದಿಯ ತಿರುವಿನಲ್ಲಿ ಮರೆಯಾಗುವ ತನಕವೂ ಇತ್ತು. ಆಮೇಲೆ ಎಲ್ಲಿಂದಲೋ ಸಿಟ್ಟು ಏರಿ ಬಂತು, ವಿಚಾರಣೆಯ ದಿನವೂ ಬಾರದಿದ್ದ ಸಿಟ್ಟು. ಬಾಗಿಲು ಹಾಕಿಕೊಂಡು, ತಮ್ಮನ ಮೇಜಿದ್ದ ಜಾಗವನ್ನು ಸೋಪು ನೀರು ಹಾಕಿ ತಿಕ್ಕಿದಳು. ಮೂವತ್ತೈದು ವರ್ಷದ ಎಣ್ಣೆಯ ಜಿಡ್ಡು ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಆ ವಾರವೆಲ್ಲ ಅವಳು ಅದನ್ನೇ ತಿಕ್ಕಿದಳು.